ಒಬ್ಬರು ಕಲಿತದ್ದು ತಾಲ್ಲೂಕಿಗೆಲ್ಲ ತಲುಪಲಿ: ಹಿಂಸೆಗೊಳಗಾದ ಮಹಿಳೆಯರ ಜೊತೆ ನಿಲ್ಲುವ ಮಲೆನಾಡಿನ ಕಾರ್ಯಕರ್ತೆಯರಿಗೆ

ಗಂಡ ಹೊಡೆದ ರಾತ್ರಿ ಹೆಂಗಸು ಯಾರ ಮನೆ ಬಾಗಿಲು ತಟ್ಟುತ್ತಾಳೆ ಎಂಬುದು ಆ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಹರಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ ಎಂಬುದು ಆಸ್ಪತ್ರೆಯ ನರ್ಸಿಗೆ ಗೊತ್ತು. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆಯನ್ನು ಹೊರದಬ್ಬುವಂತಿಲ್ಲ ಎಂಬುದು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಗೆ ಗೊತ್ತು. ಮೂವರೂ ಒಂದೇ ತಾಲ್ಲೂಕಿನವರು, ಆದರೆ ಕೂತು ಮಾತಾಡಿದ್ದಿಲ್ಲ. ಹಾಗಾಗಿ ಸಾಗರದಲ್ಲಿ ಆದ ತಪ್ಪೇ ಮುಂದಿನ ವರ್ಷ ಹೊಸನಗರದಲ್ಲಿ ಆಗುತ್ತದೆ. ಅದರ ಬೆಲೆ ತೆರುವವಳು ಸಹಾಯ ಕೇಳಿ ಬಂದ ಹೆಂಗಸು.

ಈ ಮೂವರನ್ನು ತಿಂಗಳಿಗೊಮ್ಮೆ ಒಂದು ಕೂಟವಾಗಿ ಒಂದೇ ಕೋಣೆಯಲ್ಲಿ ಕೂರಿಸುವುದು ಹೇಗೆ, ಕೂತಾಗ ಏನು ಹಂಚಿಕೊಳ್ಳಬೇಕು, ಏನನ್ನು ಯಾವ ಕಾರಣಕ್ಕೂ ಹಂಚಬಾರದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದೆ. ಹಣ ಹೆಚ್ಚು ಬೇಡ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ನೋಟ್‌ಬುಕ್, ಬಸ್ ಚಾರ್ಜಿಗೆ ಸ್ವಲ್ಪ ದುಡ್ಡು ಇದ್ದರೆ ಶುರು ಮಾಡಬಹುದು.

ಮೊದಲು ಯಾರನ್ನು ಕರೆಯಬೇಕು

8ರಿಂದ 12 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆಯಾಗುತ್ತದೆ, ಮೈಕ್ ಬೇಕಾಗುತ್ತದೆ, ಮನಸ್ಸಿನ ಮಾತು ಹೊರಗೆ ಬರುವುದಿಲ್ಲ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ನಾಲ್ಕೈದು ಜನ, ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ನರ್ಸ್, ಹಿಂಸೆಗೊಳಗಾದ ಮಹಿಳೆಯರಿಗೆ ನೆರವು ಕೊಡುವ ಸಾಂತ್ವನ ಕೇಂದ್ರ ಅಥವಾ ಸಖಿ ಒನ್ ಸ್ಟಾಪ್ ಸೆಂಟರಿನ ಒಬ್ಬ ಆಪ್ತಸಮಾಲೋಚಕಿ, ಒಬ್ಬ ಅರೆಕಾನೂನು ಸ್ವಯಂಸೇವಕಿ, ಸ್ತ್ರೀಶಕ್ತಿ ಸಂಘದ ಒಬ್ಬಿಬ್ಬರು, ಹೈಸ್ಕೂಲಿನ ಒಬ್ಬ ಶಿಕ್ಷಕಿ. ತೋಟದ ಕೆಲಸಕ್ಕೆ, ಅಡಿಕೆ ಸುಲಿಯಲು ಹೋಗುವ ಕೂಲಿ ಹೆಂಗಸರ ನಡುವಿನಿಂದ ಒಬ್ಬರಾದರೂ ಇರಲೇಬೇಕು. ಅವರಿಲ್ಲದಿದ್ದರೆ ಲೈನ್‌ಮನೆಗಳಲ್ಲಿ ನಡೆಯುವುದು ನಿಮ್ಮ ನೋಟ್‌ಬುಕ್ಕಿಗೆ ಎಂದೂ ಬರುವುದಿಲ್ಲ.

ಪೊಲೀಸರು ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಪ್ರತಿ ತಿಂಗಳು ಕೂರುವುದು ಬೇಡ. ಅವರ ಮೇಲೆ ಅನುಮಾನವಿಟ್ಟು ಹೀಗೆ ಹೇಳುತ್ತಿಲ್ಲ. ಮೇಲಧಿಕಾರಿ ಎದುರಿಗಿದ್ದರೆ ಅಂಗನವಾಡಿ ಕಾರ್ಯಕರ್ತೆ ತಾನು ಎಡವಿದ್ದನ್ನು ಬಾಯಿಬಿಡುವುದಿಲ್ಲ, ಕೂಟ ನಡೆಯುವುದೇ ಎಡವಿದ್ದನ್ನು ಹೇಳಿಕೊಳ್ಳಲು. ಮೂರು ತಿಂಗಳಿಗೊಮ್ಮೆ ಅವರನ್ನು ಕರೆಯಿರಿ. ಆ ದಿನ ಪ್ರಕರಣಗಳ ಮಾತು ಬೇಡ, ವ್ಯವಸ್ಥೆಯ ಪ್ರಶ್ನೆಗಳಷ್ಟೇ ಇರಲಿ: ರಾತ್ರಿ 9ರ ಮೇಲೆ ಠಾಣೆಗೆ ಹೋದರೆ ಮಹಿಳಾ ಸಿಬ್ಬಂದಿ ಸಿಗುತ್ತಾರಾ, ಕೌಟುಂಬಿಕ ಘಟನಾ ವರದಿಯ (ಮನೆಯೊಳಗಿನ ಹಿಂಸೆಯನ್ನು ದಾಖಲಿಸುವ ಸರ್ಕಾರಿ ಫಾರಂ) ಖಾಲಿ ನಮೂನೆ ಯಾರ ಹತ್ತಿರ ಇದೆ, ಜೀಪು ಎಲ್ಲಿಯ ತನಕ ಬರುತ್ತದೆ.

ಎಲ್ಲಿ, ಯಾವಾಗ

ತಾಲ್ಲೂಕು ಕೇಂದ್ರದಲ್ಲಿ, ಸಂತೆಯ ದಿನ, ಬೆಳಗ್ಗೆ 11ರಿಂದ ಮಧ್ಯಾಹ್ನ 1:30ರವರೆಗೆ. ಸಂತೆಗೆಂದು ಪೇಟೆಗೆ ಬಂದ ಹೆಂಗಸನ್ನು ಯಾರೂ ಎಲ್ಲಿಗೆ ಹೊರಟೆ ಎಂದು ಕೇಳುವುದಿಲ್ಲ. ಕಾರ್ಯಕರ್ತೆಯರಲ್ಲೂ ಕೆಲವರ ಮನೆಯಲ್ಲಿ ಕಷ್ಟ ಇರುತ್ತದೆ ಎಂಬುದನ್ನು ಮರೆಯಬೇಡಿ. ಠಾಣೆ, ತಾಲ್ಲೂಕು ಕಚೇರಿ, ದೇವಸ್ಥಾನದ ಸಭಾಭವನ ಬೇಡ. ಗ್ರಂಥಾಲಯದ ಒಳಕೋಣೆ, ಸಂಘದ ಕಚೇರಿ, ಶಾಲೆಯ ಕೊಠಡಿ ಒಳ್ಳೆಯದು.

ಬಸ್ಸಿನ ಲೆಕ್ಕ ಮೊದಲೇ ಹಾಕಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳ ರಸ್ತೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್. ಟಿಕೆಟಿನ ದುಡ್ಡಿಗೆ ಸಣ್ಣ ನಿಧಿ ಇಲ್ಲದಿದ್ದರೆ ದೂರದ ಊರಿನವರು ಎರಡನೇ ತಿಂಗಳಿಗೆ ಬರುವುದು ನಿಲ್ಲಿಸುತ್ತಾರೆ. ನಿಜವಾಗಿ ಬೇಕಾದವರು ಅವರೇ.

ವರ್ಷವಿಡೀ ಒಂದೇ ವೇಳಾಪಟ್ಟಿ ನಮ್ಮಲ್ಲಿ ನಡೆಯುವುದಿಲ್ಲ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟ್ ಹೋಗುತ್ತದೆ, ಟವರ್ ಸತ್ತುಹೋಗುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಸುಲಿತ ಇರುವುದರಿಂದ ಬೆಳಗ್ಗೆ ಹೊರಡಲು ಯಾರಿಗೂ ಆಗುವುದಿಲ್ಲ. ಮೇ ಮತ್ತು ಸೆಪ್ಟೆಂಬರಿನಲ್ಲಿ ದಿನವಿಡೀ ಕೂತುಕೊಳ್ಳಿ. ಮಳೆ ಜೋರಿರುವಾಗ ಮೂವರು ಮೂವರ ಗುಂಪು ಮಾಡಿಕೊಂಡು, ಹತ್ತಿರದ ಊರಿನವರು ಒಬ್ಬರ ಮನೆಯಲ್ಲಿ ಸೇರಿದರೆ ಸಾಕು.

ಒಂದು ಪುಟದ ಟಿಪ್ಪಣಿ ಬರೆಯುವುದು

ಪ್ರತಿ ಕೂಟಕ್ಕೆ ಇಬ್ಬರು ತಾವು ನೋಡಿದ ಒಂದು ಪ್ರಕರಣದ ಬಗ್ಗೆ ಒಂದೊಂದು ಪುಟ ಬರೆದು ತರಬೇಕು. ಬಾಯಲ್ಲಿ ಹೇಳಿದರೆ ಹರಟೆಗೆ ತಿರುಗುತ್ತದೆ, ಬರೆದರೆ ಯೋಚನೆ ಹದಕ್ಕೆ ಬರುತ್ತದೆ. ಪುಟದಲ್ಲಿ ಐದು ಸಂಗತಿ ಇರಲಿ: ಸಹಾಯಕ್ಕೆ ಬಂದವಳು ಕೇಳಿದ್ದೇನು, ನಾವು ಯಾವ ಕ್ರಮದಲ್ಲಿ ಏನೇನು ಮಾಡಿದೆವು, ಯಾವುದು ಕೈಹಿಡಿಯಿತು, ಎಲ್ಲಿ ಸಿಕ್ಕಿಬಿದ್ದೆವು, ಮತ್ತೆ ಇಂಥದ್ದೇ ಬಂದರೆ ಯಾವುದನ್ನು ಮೊದಲು ಮಾಡುತ್ತೇವೆ. ಮೊದಲನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅವಳು ಕೇಳಿದ್ದು 'ಕುಡಿಯೋದು ಬಿಡಿಸಿ' ಎಂದಿರಬಹುದು, ನಾವು ಮಾಡಿದ್ದು ದೂರು ಬರೆಸಿದ್ದು. ಆ ಎರಡರ ನಡುವಿನ ಅಂತರ ಕಣ್ಣಿಗೆ ಬೀಳಲೆಂದೇ ಆ ಸಾಲು.

ಇನ್ನು ಗುರುತು ಅಳಿಸುವ ಕೆಲಸ. ಹೆಸರು ತೆಗೆದರೆ ಸಾಕು ಎಂಬುದೇ ಅತಿ ಸಾಮಾನ್ಯವಾದ ತಪ್ಪು. ಹತ್ತು ಹನ್ನೆರಡು ಮನೆಯ ಊರುಗಳು ನಮ್ಮವು. ಒಂದು ಮಾದರಿ ನೋಡಿ. 'ಹಿನ್ನೀರಿನ ಆಚೆ ಊರಿನ ಮಹಿಳೆ, ಎರಡನೇ ಮದುವೆ, ಅವಳಿ ಮಕ್ಕಳು, ಗಂಡ ಸೊಸೈಟಿ ನಿರ್ದೇಶಕ.' ಹೆಸರೇ ಇಲ್ಲ, ಆದರೂ ಕೋಣೆಯಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುತ್ತದೆ. ಅದನ್ನೇ ಹೀಗೆ ಬರೆಯಬಹುದು: 'ಬಸ್ ಕಡಿಮೆ ಇರುವ ಊರಿನ, ಚಿಕ್ಕ ಮಕ್ಕಳಿರುವ ಮಹಿಳೆ. ಗಂಡನ ಮಾತಿಗೆ ಊರಿನಲ್ಲಿ ತೂಕ ಇದೆ.' ಕಲಿಯಲು ಬೇಕಾದದ್ದು ಅಷ್ಟೇ. ನೀವು ಬರೆದ ಸಾಲು ತಾಲ್ಲೂಕಿನ ಕಡಿಮೆ ಎಂದರೂ ಹತ್ತು ಮನೆಗೆ ಹೊಂದಬೇಕು. ಹೊಂದದಿದ್ದರೆ ಇನ್ನೊಂದು ವಿವರ ತೆಗೆಯಿರಿ. ಜಾತಿ, ಅಪರೂಪದ ಗಾಯ, ಮಕ್ಕಳ ಸಂಖ್ಯೆ, ಗಂಡನ ಉದ್ಯೋಗ, ತವರೂರು ಈ ಐದು ಹೆಚ್ಚಾಗಿ ಗುಟ್ಟು ಬಿಟ್ಟುಕೊಡುತ್ತವೆ.

ಇದು ಬರೀ ಸೌಜನ್ಯದ ಮಾತಲ್ಲ. ಅತ್ಯಾಚಾರಕ್ಕೊಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸಜೆಯಾಗುವ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) 23ನೇ ಕಲಂ ಇದೆ.

ಅವಳ ಒಪ್ಪಿಗೆಯನ್ನೂ ಕೇಳಬೇಕು. ಫಾರಂ ಮೇಲೆ ಸಹಿ ಹಾಕಿಸುವುದು ಬೇಡ, ಆ ಕಾಗದವೇ ಮನೆಯಲ್ಲಿ ಸಿಕ್ಕಿ ಅಪಾಯವಾಗಬಹುದು. 'ಅಕ್ಕ, ನಿಮ್ಮ ಹೆಸರು ಊರು ಏನೂ ಹೇಳದೆ, ನಿಮ್ಮ ಕೆಲಸದಲ್ಲಿ ನಾನು ಎಲ್ಲಿ ತಪ್ಪಿದೆ ಅಂತ ಬೇರೆ ಕಾರ್ಯಕರ್ತೆಯರಿಗೆ ಹೇಳ್ಲಾ? ಬೇಡ ಅಂದ್ರೆ ಬೇಡ, ನಿಮ್ಮ ಕೆಲಸವಂತೂ ನಿಲ್ಲಲ್ಲ.' ಬೇಡ ಅಂದರೆ ಅಲ್ಲಿಗೆ ಬಿಡಿ. ಇನ್ನೂ ಬಿಸಿ ಇರುವ ಪ್ರಕರಣವನ್ನು ತರಬೇಡಿ, ಮೂರು ತಿಂಗಳಾದರೂ ಕಳೆಯಲಿ.

ಕೂಟ ನಡೆಸುವ ರೀತಿ

ಎರಡೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ 10 ನಿಮಿಷ ಚಹಾ, ನಂತರ ಎರಡು ಟಿಪ್ಪಣಿಗೆ ತಲಾ 35 ನಿಮಿಷ, ಯಾವುದಾದರೂ ಒಂದು ಕೆಲಸವನ್ನು ಕೈಯಾರೆ ಮಾಡಿ ನೋಡಲು 40, ಸಹಾಯದ ಫೋನ್ ಸಂಖ್ಯೆಗಳಿರುವ ವಿಳಾಸದ ಕಾರ್ಡ್ ಸರಿಪಡಿಸಲು 15, ಕೊನೆಯ 15 ಕಾರ್ಯಕರ್ತೆಯರ ಸ್ವಂತ ಮನಸ್ಸಿನ ಮಾತಿಗೆ. ನಡೆಸುವವರು ಪ್ರತಿ ಸಲ ಬದಲಾಗಲಿ.

ಟಿಪ್ಪಣಿ ಓದಿದ ಮೇಲೆ ಮೊದಲ 15 ನಿಮಿಷ ಸಲಹೆ ಕೊಡುವಂತಿಲ್ಲ, ಪ್ರಶ್ನೆ ಮಾತ್ರ. ಅದರಲ್ಲೂ 'ಎಂತಕ್ಕೆ ಹಂಗೆ ಮಾಡಿದ್ರಿ?' ಎಂದರೆ ತಪ್ಪು ಹಿಡಿದಂತಾಗುತ್ತದೆ. 'ಆ ಹೊತ್ತಿಗೆ ನಿಮಗೆ ಎಂತೆಲ್ಲ ಗೊತ್ತಿತ್ತು?' ಎಂದು ಕೇಳಿದರೆ ಉತ್ತರ ಬಿಚ್ಚಿಕೊಳ್ಳುತ್ತದೆ. ಹೊಸಬರು ಮೊದಲು ಮಾತಾಡಲಿ, ಇಪ್ಪತ್ತು ವರ್ಷದ ಅನುಭವದವರು ಕೊನೆಗೆ. ತಿರುಗಾಮುರುಗಾ ಆದರೆ ಹೊಸಬರು ತಲೆಯಾಡಿಸಿ ಮನೆಗೆ ಹೋಗುತ್ತಾರೆ.

ಎಲ್ಲರಿಗೂ ಗೊತ್ತಿರಲೇಬೇಕಾದದ್ದು

ಯಾವ ಟಿಪ್ಪಣಿ ಬಂದರೂ ಚರ್ಚೆ ಕಡೆಗೆ ಬಂದು ನಿಲ್ಲುವುದು ಕೆಲವೇ ವಿಷಯಗಳ ಸುತ್ತ. ಒಂದು ವರ್ಷದಲ್ಲಿ ಇವನ್ನು ಒಂದೊಂದಾಗಿ ಅಭ್ಯಾಸ ಮಾಡಿ.

*ಅಪಾಯದ ಗುರುತು.* 'ಹೊಡೀತಾನೆ' ಎಂದರೆ ಎಷ್ಟು ಅಪಾಯ ಎಂದು ತಿಳಿಯುವುದಿಲ್ಲ, ಬಿಡಿಸಿ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಕುತ್ತಿಗೆ ಒತ್ತಿದ್ದಾನಾ? ಒತ್ತಿದ್ದರೆ ಹೊರಗೆ ಗುರುತೇ ಇರದಿರಬಹುದು, ಅವಳಾಗಿ ಹೇಳುವುದೂ ಇಲ್ಲ. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ಕಣ್ಣಿನಲ್ಲಿ ಕೆಂಪು ಚುಕ್ಕೆ ಇದ್ದರೆ, ಆಗ ಪ್ರಜ್ಞೆ ತಪ್ಪಿತ್ತು ಅಥವಾ ಮೂತ್ರ ಹೋಗಿತ್ತು ಎಂದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಪೆಟ್ಟು ತಡವಾಗಿ ಉಲ್ಬಣಿಸಬಹುದು, ಮುಂದೆ ಕೊಲೆಯವರೆಗೆ ಹೋಗುವ ಸಂಭವವೂ ಇಂಥ ಕಡೆ ಹೆಚ್ಚು. ಬಸುರಿಯಲ್ಲಿ ಹೊಡೆತ, ಹೊಡೆತ ದಿನೇ ದಿನೇ ಹೆಚ್ಚುತ್ತಿರುವುದು, 'ನೀನು ಬಿಟ್ಟು ಹೋದ್ರೆ ಸಾಯಿಸಿ ನಾನೂ ಸಾಯ್ತೀನಿ' ಎಂಬ ಮಾತು, ಅವಳು ಮನೆ ಬಿಟ್ಟು ಬಂದ ಮೊದಲ ವಾರಗಳು ಇವೆಲ್ಲ ಎಚ್ಚರಿಕೆ. ನಮ್ಮ ಕಡೆ ಇನ್ನೆರಡು ಪ್ರಶ್ನೆ ಸೇರಿಸಬೇಕು. ಹಂದಿ, ಮಂಗ ಓಡಿಸಲು ಮನೆಯಲ್ಲಿ ಕೋವಿ ಇದೆಯಾ? ಮೈಲುತುತ್ತ, ಕಳೆನಾಶಕ ಎಲ್ಲಿಟ್ಟಿದ್ದಾರೆ? ಎರಡನೆಯದು ಅವಳ ಜೀವದ ಬಗ್ಗೆ ಕೇಳುವ ಪ್ರಶ್ನೆ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪ್ರತಿ ಮನೆಯಲ್ಲೂ ವಿಷ ಕೈಗೆಟಕುವಲ್ಲಿರುತ್ತದೆ. 'ಜೀವ ಬೇಡ ಅನ್ಸಿದ್ಯಾ' ಎಂದು ನೇರ ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲ, ಕೇಳಿ.

*ಆಸ್ಪತ್ರೆ ಮತ್ತು ಸಾಕ್ಷ್ಯ.* ಲೈಂಗಿಕ ದೌರ್ಜನ್ಯವಾಗಿದ್ದರೆ ಗಂಟೆ ಎಣಿಸಬೇಕು. ಗರ್ಭ ತಡೆಯುವ ತುರ್ತು ಮಾತ್ರೆ ಮತ್ತು ಎಚ್‌ಐವಿ ತಡೆಯುವ ಔಷಧಿ ಎರಡನ್ನೂ 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟು ಒಳ್ಳೆಯದು. ಎಚ್‌ಐವಿ ಔಷಧಿ 28 ದಿನ ಬಿಡದೆ ನುಂಗಬೇಕು. ಮಧ್ಯೆ ನಿಲ್ಲಿಸುವವರು ಬಹಳ, ಆದ್ದರಿಂದ ವಾರಕ್ಕೊಮ್ಮೆ ವಿಚಾರಿಸುವ ಜವಾಬ್ದಾರಿ ಒಬ್ಬರ ಮೇಲಿರಲಿ. ದೇಹದ ಮಾದರಿಗಳನ್ನು 96 ಗಂಟೆಯವರೆಗೂ ತೆಗೆಯಬಹುದು. ಅದು ದಾಟಿದರೂ ತಪಾಸಣೆ, ಚಿಕಿತ್ಸೆ ಆಗಲೇಬೇಕು. ದೂರು ದಾಖಲಾಗಿಲ್ಲ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ಅತ್ಯಾಚಾರ ಮತ್ತು ಆಸಿಡ್ ದಾಳಿಗೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ' ಮಾಡಲೇಬಾರದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ.

ಬಟ್ಟೆಯ ವಿಷಯ. ತೊಳೆಯಬಾರದು. ಒದ್ದೆಯಿದ್ದರೆ ನೆರಳಿನಲ್ಲಿ ಗಾಳಿಗೆ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಹಾಳೆಯಲ್ಲಿ ಸುತ್ತಿ ಕಾಗದದ ಚೀಲಕ್ಕೆ ಹಾಕಬೇಕು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ರೂಢಿ ನಮ್ಮದು, ಇಲ್ಲಿ ಅದು ಬೇಡ. ಹೊಗೆ ಮತ್ತು ಬಿಸಿ ತಾಗಿದರೆ ಮಾದರಿ ಕೆಡುತ್ತದೆ. ದಾಖಲೆಗಳದ್ದು ಇದಕ್ಕೆ ಪೂರ್ತಿ ತಿರುಗಾ: ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ನಕಲುಗಳು ಪ್ಲಾಸ್ಟಿಕ್ಕಿನಲ್ಲೇ ಇರಬೇಕು. ಕೂಟದಲ್ಲಿ ಒಂದು ಹಳೇ ಸೀರೆ, ಎರಡು ದಿನಪತ್ರಿಕೆ ಇಟ್ಟುಕೊಂಡು ಒಮ್ಮೆ ಸುತ್ತಿ ನೋಡಿ. ಕೈಯಾರೆ ಮಾಡಿದ್ದು ಮರೆಯುವುದಿಲ್ಲ.

*ಕೌಟುಂಬಿಕ ಘಟನಾ ವರದಿ.* ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ವರದಿಗೆ ನಮೂನೆ 1, ಸುರಕ್ಷತಾ ಯೋಜನೆಗೆ ನಮೂನೆ 5. ಈ ಕಾಯ್ದೆಯಡಿ ಅವಳಿಗೆ ನೆರವಾಗುವ ಅಧಿಕಾರಿಯೇ ಸಂರಕ್ಷಣಾಧಿಕಾರಿ; ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಅವರೆಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಅರ್ಜಿ ಮ್ಯಾಜಿಸ್ಟ್ರೇಟರಿಗೆ ತಲುಪಿದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ನಿಧಾನ. ಹಾಗಾಗಿ 23ನೇ ಕಲಂ ಅಡಿ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳುವುದನ್ನು ಮರೆಯಬಾರದು. ತವರಿನಲ್ಲಿ ಅಥವಾ ಬೇರೆಲ್ಲಾದರೂ ತಾತ್ಕಾಲಿಕವಾಗಿ ಉಳಿದಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು.

ವರದಿ ಸೋಲುವುದು ಮೂರು ಕಡೆ. ಮೊದಲನೆಯದು, ಕೊನೆಯ ಹೊಡೆತ ಒಂದನ್ನೇ ಬರೆಯುವುದು. ಎರಡನೆಯದು, ದುಡ್ಡಿನ ಹಿಂಸೆ ಬಿಡುವುದು: ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಾರ ಕೈಗೆ ಹೋಗುತ್ತದೆ, ಅವಳ ಕೂಲಿ ಯಾರು ಇಸಿದುಕೊಳ್ಳುತ್ತಾರೆ, ತಾಳಿ ಬಿಟ್ಟು ಮಿಕ್ಕ ಬಂಗಾರ ಯಾವ ಸೊಸೈಟಿಯಲ್ಲಿ ಅಡವಿದೆ ಎಂಬುದೆಲ್ಲ ಆರ್ಥಿಕ ಹಿಂಸೆಯೇ. ಮೂರನೆಯದು ತಾರೀಖು. 'ಯಾವಾಗ?' ಎಂದರೆ 'ನೆನಪಿಲ್ಲ' ಎನ್ನುತ್ತಾಳೆ. ನಿಜಕ್ಕೂ ನೆನಪಿರುತ್ತದೆ, ಕ್ಯಾಲೆಂಡರಿನ ಲೆಕ್ಕದಲ್ಲಿ ಅಲ್ಲ. ಆರಿದ್ರೆ ಮಳೆಯಲ್ಲಾ, ಭೂಮಿ ಹುಣ್ಣಿಮೆ ಹಿಂದಾ ಮುಂದಾ, ಮೊದಲ ಅಡಿಕೆ ಗೊನೆ ಕೊಯ್ಯುವಾಗಲಾ, ಸಾಗರದ ಮಾರಿ ಜಾತ್ರೆ ವರ್ಷವಾ, ಸಣ್ಣ ಮಗು ನಡೆಯಲು ಕಲಿತಿತ್ತಾ ಎಂದು ಕೇಳಿ. ಆಮೇಲೆ ಪಂಚಾಂಗ ತೆಗೆದು ತಾರೀಖು ಹೊಂದಿಸಿ. ಖಚಿತವಿಲ್ಲದಿದ್ದರೆ 'ಜೂನ್ ಕೊನೆಯ ವಾರದ ಸುಮಾರಿಗೆ' ಎಂದೇ ಬರೆಯಿರಿ. ಊಹಿಸಿ ಬರೆದ ಒಂದು ತಾರೀಖು ಮುಂದೆ ಪಾಟೀಸವಾಲಿನಲ್ಲಿ ಅವಳ ಇಡೀ ಮಾತನ್ನೇ ಸುಳ್ಳೆನಿಸಬಹುದು.

*ಮನೆಯಲ್ಲಿರುವ ಹಕ್ಕು.* ಕೂಡುಕುಟುಂಬದ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: 'ಮನೆ ಮಾವಯ್ಯಂದು, ನಿಂಗೆಂತ ಹಕ್ಕು?' ಅದೇ 2005ರ ಕಾಯ್ದೆಯ 17ನೇ ಕಲಂ ಪ್ರಕಾರ ಆಸ್ತಿಯಲ್ಲಿ ಪಾಲಿದ್ದರೂ ಇಲ್ಲದಿದ್ದರೂ ಅವಳು ಬಾಳಿದ ಮನೆಯಲ್ಲಿ ಇರಬಹುದು. ಆ ಮನೆ ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ಇದು ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

*ಠಾಣೆ.* ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ. 'ನಿಮ್ಮದು ಬೇರೆ ಠಾಣೆ ವ್ಯಾಪ್ತಿ' ಎಂದು ವಾಪಸ್ ಕಳಿಸಿದರೆ ಕಲಂ ಸಂಖ್ಯೆ ಹೇಳಿ ವಿನಯದಿಂದ ಕೂತುಕೊಳ್ಳಿ. ಆದರೂ ಆಗದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲಿ ಕಳಿಸಬಹುದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಬಗೆಗಿನ ಹಳೆಯ 498ಎ ಕಲಂ ಈಗ ನ್ಯಾಯ ಸಂಹಿತೆಯ 85 ಮತ್ತು 86. ನಿಮ್ಮ ಹಳೆಯ ಕರಪತ್ರಗಳಲ್ಲಿ ಇದನ್ನು ತಿದ್ದಿಕೊಳ್ಳಿ.

*ಹದಿನೆಂಟು ತುಂಬದವರು.* ಇಲ್ಲಿ ನಿಯಮವೇ ಬೇರೆ. ಪೋಕ್ಸೋ 19ನೇ ಕಲಂ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆದರೂ ತಿಳಿಸಲೇಬೇಕು. ಮುಂದಿನ ಕೂಟಕ್ಕೆ ಕಾಯುವ ಮಾತೇ ಇಲ್ಲ. ಬಸುರಿ ತಪಾಸಣೆಗೆ ಬಂದ ಹುಡುಗಿಯ ವಯಸ್ಸು 16 ಎಂದು ಕಾರ್ಡಿನಲ್ಲಿ ಕಂಡರೆ ಆಶಾಗೆ ಎದುರಾಗುವುದು ಇದೇ. ಹುಡುಗಿ ಬಾಯಿ ಬಿಡುವ ಮೊದಲೇ 'ನೀನು ಹೇಳಿದ್ದರಲ್ಲಿ ಕೆಲವನ್ನು ನಾನು ಮೇಲೆ ತಿಳಿಸಲೇಬೇಕಾಗ್ತದೆ' ಎಂದು ಹೇಳಿಬಿಡಿ. ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿದರೆ ಅವಳು ಇನ್ಯಾರನ್ನೂ ನಂಬುವುದಿಲ್ಲ.

ಕೂಲಿ ಸ್ಥಳದ ಲೈಂಗಿಕ ಕಿರುಕುಳಕ್ಕೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಗೂ, ಮನೆಗೆಲಸದವರಿಗೂ ಅದು ಅನ್ವಯ. ಮೂರು ತಿಂಗಳೊಳಗೆ ದೂರು ಕೊಡಬೇಕು. ದೌರ್ಜನ್ಯಕ್ಕೊಳಗಾದವಳು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿದ್ದು ಎದುರಿನವರು ಆ ಜಾತಿ, ಪಂಗಡಗಳವರಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ ಸೇರಿದೆಯೇ ಎಂದು ಎಫ್‌ಐಆರ್ ಓದಿ ನೋಡಿ.

ರಾಜಿ ಪಂಚಾಯ್ತಿಯ ವಿಷಯ

ನಮ್ಮ ಊರುಗಳಲ್ಲಿ ಹಿರಿಯರು ಕೂತು ಬಗೆಹರಿಸುವುದು, ದೇವರ ಮುಂದೆ ಆಣೆ ಮಾಡಿಸುವುದು ಹಳೆಯ ಪದ್ಧತಿ. ಬೇಲಿ ಜಗಳಕ್ಕೆ ಅದು ನಡೆಯಬಹುದು. ಹೊಡೆತದ ವಿಷಯದಲ್ಲಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ 'ಹೇಳಮ್ಮ' ಎಂದರೆ ಅವಳು ಹೇಳುವುದಿಲ್ಲ. ಹೇಳಿದರೆ ಆ ರಾತ್ರಿ ಅದಕ್ಕೂ ಏಟು ಬೀಳುತ್ತದೆ. ಕೂಟದಲ್ಲಿ ಒಂದು ನಿರ್ಧಾರ ಮಾಡಿಕೊಳ್ಳಿ: ಕಾರ್ಯಕರ್ತೆ ರಾಜಿಯ ನಡುವೆ ಕೂರುವುದಿಲ್ಲ, ಮುಚ್ಚಳಿಕೆಗೆ ಸಾಕ್ಷಿ ಸಹಿ ಹಾಕುವುದಿಲ್ಲ. ಅವಳೇ ರಾಜಿ ಬಯಸಿದರೆ ಅದು ಅವಳ ಆಯ್ಕೆ, ತಡೆಯಬಾರದು. ಆಗಲೂ ಅವಳ ಜೊತೆ ಪ್ರತ್ಯೇಕವಾಗಿ ಮಾತಾಡಿ ಅಪಾಯದ ಪ್ರಶ್ನೆಗಳನ್ನು ಕೇಳಿ, ಮತ್ತೆ ಹೊಡೆದರೆ ಎಲ್ಲಿಗೆ ಹೋಗುವುದು ಎಂದು ಮೊದಲೇ ಹೊಂದಿಸಿಡಿ.

ವಿಳಾಸದ ಕಾರ್ಡ್

ಅರ್ಧ ಪೋಸ್ಟ್‌ಕಾರ್ಡ್ ಅಳತೆಯದು. ಮೇಲೆ ಬದಲಾಗದ ಸಂಖ್ಯೆಗಳು: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಆಂಬುಲೆನ್ಸ್ 108, ಮಕ್ಕಳಿಗೆ 1098, ಉಚಿತ ಕಾನೂನು ನೆರವು 15100, ಮೊಬೈಲ್ ಮತ್ತು ಆನ್‌ಲೈನ್ ವಂಚನೆಗೆ 1930, ಮನಸ್ಸಿನ ತೊಂದರೆಗೆ 14416. ಹೆಂಗಸರಿಗೆ ಕಾನೂನು ನೆರವು ಪಡೆಯಲು ಆದಾಯದ ಮಿತಿ ಇಲ್ಲ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಅದಿದೆ. ಕೆಳಗೆ ತಾಲ್ಲೂಕಿನ ಸಂಖ್ಯೆಗಳು. ಅಧಿಕಾರಿಯ ಹೆಸರು ಬರೆಯಬೇಡಿ, ವರ್ಗವಾಗಿಬಿಡುತ್ತಾರೆ. ಹುದ್ದೆ ಮತ್ತು ಕಚೇರಿಯ ಸಂಖ್ಯೆ ಇರಲಿ.

ಮೂರು ತಿಂಗಳಿಗೊಮ್ಮೆ ಪ್ರತಿ ಸ್ಥಳೀಯ ಸಂಖ್ಯೆಗೂ ನಿಜವಾಗಿ ಕರೆ ಮಾಡಿ ನೋಡಿ, ಅದೂ ಸಂಜೆ 6ರ ಮೇಲೆ. ಹಗಲಿಗೆ ಎತ್ತುವ ಫೋನು ರಾತ್ರಿ ಎತ್ತದಿರಬಹುದು. ಸಖಿ ಕೇಂದ್ರದಲ್ಲಿ ತಾತ್ಕಾಲಿಕ ವಸತಿ ಐದು ದಿನದವರೆಗೆ. ಆರನೇ ದಿನ ಎಲ್ಲಿಗೆ ಎಂಬುದನ್ನು ಎರಡನೇ ದಿನವೇ ಮಾತಾಡಿರಬೇಕು. ಮಕ್ಕಳನ್ನು ಕರೆದುಕೊಂಡು ಬಂದರೆ ಎಷ್ಟು ವಯಸ್ಸಿನವರೆಗೆ ಒಳಗೆ ಬಿಡುತ್ತಾರೆ ಎಂದು ಮೊದಲೇ ಕೇಳಿ ಕಾರ್ಡಿನ ಹಿಂದೆ ಬರೆದುಕೊಳ್ಳಿ.

ದಾರಿಯೂ ಬದಲಾಗುತ್ತದೆ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಹಳೆಯ ಸುರಕ್ಷತಾ ಯೋಜನೆಗಳೆಲ್ಲ ಲಾಂಚಿನ ಸಮಯ ನೋಡಿ ಮಾಡಿದವು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬೆಳಗಿನವರೆಗೆ ದಾರಿಯಿಲ್ಲ ಎಂದೇ ಲೆಕ್ಕ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿಯೂ ದಾಟಬಹುದು, ಆಂಬುಲೆನ್ಸೂ ಬರಬಹುದು. ಹೊಡೆಯುವ ಗಂಡನೂ ರಾತ್ರಿ ಬೆನ್ನು ಹತ್ತಿ ಬರಬಹುದು ಎಂಬುದನ್ನೂ ಸೇರಿಸಿ ಆ ಯೋಜನೆಗಳನ್ನು ಹೊಸದಾಗಿ ಬರೆಯಬೇಕು.

ಫೋನ್ ಮತ್ತು ವಾಟ್ಸ್‌ಆ್ಯಪ್

ಗುಂಪು ಮಾಡಿಕೊಳ್ಳಿ, ಆದರೆ ಕೂಟದ ದಿನ, ಬಸ್, ಕಾನೂನಿನ ಹೊಸ ಆದೇಶ ಇಷ್ಟಕ್ಕೆ ಮಾತ್ರ. ಯಾವ ಹೆಂಗಸಿನ ಫೋಟೊ, ಗಾಯದ ಚಿತ್ರ, ಎಫ್‌ಐಆರ್ ಪ್ರತಿ, ಧ್ವನಿ ಸಂದೇಶ ಅಲ್ಲಿ ಹೋಗಕೂಡದು. ಬಹಳ ಮನೆಗಳಲ್ಲಿ ಒಂದೇ ಫೋನ್, ಮಕ್ಕಳು ಗ್ಯಾಲರಿ ತೆರೆದು ನೋಡುತ್ತಾರೆ. ಚಿತ್ರಗಳು ಗ್ಯಾಲರಿಗೆ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಪರದೆಯ ಮೇಲೆ ಸಂದೇಶ ಕಾಣುವುದನ್ನು ಮುಚ್ಚಿ, ಸಂದೇಶ 7 ದಿನಕ್ಕೆ ಮಾಯವಾಗುವಂತೆ ಇಡಿ. ಇದನ್ನು ಒಬ್ಬೊಬ್ಬರ ಫೋನ್ ಹಿಡಿದು ಕೂಟದಲ್ಲೇ ಮಾಡಬೇಕು, ಮನೆಗೆ ಹೋಗಿ ಮಾಡುತ್ತೇನೆಂದರೆ ಆಗುವುದಿಲ್ಲ. ಗಾಯದ ಚಿತ್ರ ಬೇಕಾದರೆ ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ ಇಟ್ಟು, ದೂರದಿಂದ ಒಂದು ಹತ್ತಿರದಿಂದ ಒಂದು ತೆಗೆದು ವಕೀಲರಿಗೆ ಅಥವಾ ಅಧಿಕಾರಿಗೆ ನೇರ ಒಪ್ಪಿಸಿ.

ಕೂಟ ಕೆಡುವ ಬಗೆಗಳು

ಹೊರಗೆ ಮಾತು ಸೋರಿದ್ದು ಗೊತ್ತಾದರೆ ಮುಚ್ಚಿಡಬೇಡಿ. ಯಾರ ವಿಷಯ ಸೋರಿತೋ ಅವಳಿಗೆ ಅವತ್ತೇ ತಿಳಿಸಿ ಅವಳ ಸುರಕ್ಷತೆ ನೋಡಬೇಕು, ಆಮೇಲೆ ಕೂಟದ ವಿಚಾರಣೆ. ಟಿಪ್ಪಣಿ ಯಾರದೆಂದು ಗುರುತು ಹತ್ತಿದರೆ, ಆ ಮನೆಗೆ ನೆಂಟಳಾದ ಕಾರ್ಯಕರ್ತೆ ತಾನಾಗಿ ಎದ್ದು ಹೊರಗೆ ಕೂರುವ ರೂಢಿ ಇರಲಿ. ಅದರಲ್ಲಿ ಅವಮಾನವಿಲ್ಲ, ಮಲೆನಾಡಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ.

ಕೂಟ ಲೆಕ್ಕ ಒಪ್ಪಿಸುವ ಸಭೆಯಾಗುವುದು ಇನ್ನೊಂದು ಅಪಾಯ. 'ಈ ತಿಂಗಳು ಎಷ್ಟು ಕೇಸ್?' ಎಂಬ ಪ್ರಶ್ನೆ ಶುರುವಾದ ದಿನ ಎಡವಿದ ಕಥೆಗಳು ನಿಲ್ಲುತ್ತವೆ. ಬದಲಿಗೆ ಆರು ತಿಂಗಳಿಗೊಮ್ಮೆ ಇಷ್ಟು ನೋಡಿ: ಅವಳು ಮೊದಲು ಹೇಳಿದ ದಿನಕ್ಕೂ ವೈದ್ಯರನ್ನು ಕಂಡ ದಿನಕ್ಕೂ ಅಂತರ ಕಡಿಮೆಯಾಗಿದೆಯಾ, ವರದಿಯಲ್ಲಿ ದುಡ್ಡಿನ ಹಿಂಸೆಯ ಭಾಗ ತುಂಬುತ್ತಿದೆಯಾ, ಒಂದೇ ಮನೆಗೆ ಎರಡನೇ ಸಲ ಯಾರಾದರೂ ಹೋಗಿ ವಿಚಾರಿಸಿದ್ದಾರಾ.

ಕಾರ್ಯಕರ್ತೆಗೂ ಬೆದರಿಕೆ ಬರುತ್ತದೆ, ಅವಳು ಅದೇ ಊರಿನಲ್ಲಿ ಬದುಕಬೇಕು. ಒಂಟಿಮನೆಗೆ ಒಬ್ಬಳೇ ಹೋಗಬಾರದು, ಹೋಗುವ ಮೊದಲು ಮೂವರ ಗುಂಪಿನಲ್ಲಿ ಒಬ್ಬರಿಗೆ ಹೇಳಿ, ವಾಪಸ್ ಬಂದು ಮಿಸ್ಡ್ ಕಾಲ್ ಕೊಡಬೇಕು. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂದು 2005ರ ಕಾಯ್ದೆಯ 4ನೇ ಕಲಂ ರಕ್ಷಣೆ ಕೊಡುತ್ತದೆ. ಕಾರ್ಯಕರ್ತೆಯಲ್ಲಿ ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಟ್ಟು, ಸಹಾಯ ಕೇಳಿದ ಹೆಂಗಸಿನ ಫೋನ್ ಬಂದರೆ ಎತ್ತಲು ಮನಸ್ಸಿಲ್ಲದಿರುವುದು ಕಂಡರೆ ಎರಡು ತಿಂಗಳು ಅವಳಿಗೆ ಹೊಸ ಪ್ರಕರಣ ಕೊಡಬೇಡಿ.

ಬಿಟ್ಟು ಹೋಗುವಾಗ

ಕಾರ್ಯಕರ್ತೆಗೆ ವರ್ಗವಾಗುತ್ತದೆ, ಯೋಜನೆ ನಿಲ್ಲುತ್ತದೆ, ಆಪ್ತಸಮಾಲೋಚಕಿಯ ಗುತ್ತಿಗೆ ಮುಗಿಯುತ್ತದೆ. ಕಲಿತದ್ದು ಕಳೆಯುವುದು ಹೆಚ್ಚಾಗಿ ಆಗಲೇ. ಹೊರಡುವ ಒಂದು ತಿಂಗಳು ಮೊದಲು ಎರಡು ಕೂಟಕ್ಕೆ ಬದಲಿಯವರನ್ನು ಜೊತೆಯಲ್ಲೇ ಕರೆತನ್ನಿ. ಗುರುತಿಲ್ಲದ ಟಿಪ್ಪಣಿಗಳ ನೋಟ್‌ಬುಕ್, ಕಾರ್ಡ್, ಭರ್ತಿ ಮಾಡಿ ಅಭ್ಯಾಸ ಮಾಡಿದ ಮಾದರಿ ನಮೂನೆಗಳನ್ನು ಅವರಿಗೆ ಒಪ್ಪಿಸಿ. ನಡೆಯುತ್ತಿರುವ ಪ್ರಕರಣದ ಹೆಂಗಸರನ್ನು ಮಾತ್ರ ಕಾಗದದ ಮೇಲೆ ಒಪ್ಪಿಸುವುದಲ್ಲ. ಅವರನ್ನು ಒಬ್ಬೊಬ್ಬರಾಗಿ ಕಂಡು, 'ಮುಂದೆ ಇವರು ಬರ್ತಾರೆ, ಆಗ್ಬಹುದಾ?' ಎಂದು ಕೇಳಿ, ಒಪ್ಪಿದರಷ್ಟೇ ಹೊಸಬರ ಸಂಖ್ಯೆ ಕೊಡಿ. ಹೆಸರಿರುವ ಸ್ವಂತ ಚೀಟಿಗಳನ್ನು ಇನ್ನೊಬ್ಬರ ಎದುರಿಗೆ ಬಚ್ಚಲೊಲೆಗೆ ಹಾಕಿ, ಪೂರ್ತಿ ಬೂದಿಯಾಗುವವರೆಗೆ ಅಲ್ಲೇ ನಿಂತಿರಿ.